ಆಮೆ ಮೂಲ ಹುಡುಕಲೇಬೇಕು

ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲದ್ದರಿಂದ ಒಂದೆರಡು ಕಡೆ ವಿವರಣೆ ಸೇರಿಸಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳು ಕೊನೆಯಲ್ಲಿವೆ.

ಎಲ್ಲರಿಗೂ ನಮಸ್ಕಾರ.

ನಕ್ಷತ್ರ ಆಮೆಯನ್ನು ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ ಅಂದುಕೊಂಡಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಗಡಿಯಾಚೆಯ ಆಂಧ್ರದವರಿಗೂ ಇದು ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಸಿಗುವ ಪ್ರಾಣಿ. ಎರಡು ಮಳೆ ಬಿದ್ದು ಹಸಿರು ಚಿಗುರಿದರೆ ಹೊರಗೆ ಬರುತ್ತದೆ. ಕಪ್ಪು ಬೆನ್ನು, ಚಿಪ್ಪಿನ ಒಂದೊಂದು ಬಿಲ್ಲೆಯ ಮೇಲೂ ನಡುವಿನಿಂದ ಹೊರಟ ಹಳದಿ ಗೆರೆಗಳು. ಒಣ ಹುಲ್ಲಿನ ನಡುವೆ ಕೂತರೆ ಎರಡಡಿ ದೂರದಿಂದಲೂ ಕಾಣುವುದಿಲ್ಲ. ಅದನ್ನು ಕಾಪಾಡಲೆಂದೇ ಇರುವ ಈ ಗೆರೆಗಳೇ ಅದಕ್ಕೆ ಮುಳುವಾಗಿವೆ.

ಈ ಆಮೆ ಮೂರು ಕಡೆ ಸಿಗುತ್ತದೆ. ಗುಜರಾತ್, ರಾಜಸ್ಥಾನ ಮತ್ತು ಅದಕ್ಕೆ ಅಂಟಿಕೊಂಡ ಪಾಕಿಸ್ತಾನದ ಭಾಗ ಒಂದು. ನಮ್ಮ ದಕ್ಷಿಣ ಭಾರತ ಇನ್ನೊಂದು. ಶ್ರೀಲಂಕಾ ಮೂರನೆಯದು. ಮೂರರ ನಡುವೆ ನೂರಾರು ಕಿಲೋಮೀಟರ್ ಅಂತರ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕಳ್ಳಸಾಗಣೆಯ ಕಥೆ ಜಾಸ್ತಿ ಹೇಳುವುದಿಲ್ಲ. ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸ್ ಬಿಚ್ಚಿದಾಗ ಸಿಕ್ಕ ಮರಿಗಳ ಸುದ್ದಿ ನೀವೂ ಓದಿರುತ್ತೀರಿ. 2015ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ಮಾತ್ರ ಹೇಳುತ್ತೇನೆ. ಭಾರತದ ಒಂದೇ ಒಂದು ಸಂಗ್ರಹ ಪ್ರದೇಶದಿಂದ ವರ್ಷಕ್ಕೆ ಕಡಿಮೆಯೆಂದರೂ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗುತ್ತಿತ್ತು. ಮುಖ್ಯವಾಗಿ ಮರಿಗಳನ್ನು. ಅಷ್ಟೂ ಮರಿಗಳು ಎಲ್ಲಿಗೆ ಹೋಗುತ್ತವೆ? ಒಂದಷ್ಟು ದಾರಿಯಲ್ಲೇ ಸಾಯುತ್ತವೆ. ಉಳಿದವು ಯಾರದ್ದೋ ಮನೆಯ ಗಾಜಿನ ಪೆಟ್ಟಿಗೆಗೆ ಹೋಗುತ್ತವೆ. ಅದೃಷ್ಟ ತರುತ್ತದೆ ಅಂತ ಸಾಕುವವರು ನಮ್ಮಲ್ಲೂ ಇದ್ದಾರೆ, ಚಂದ ಇದೆ ಅಂತ ಸಾಕುವವರು ಹೊರದೇಶಗಳಲ್ಲಿದ್ದಾರೆ.

ಹೊರದೇಶದ ಅಂಗಡಿಯಲ್ಲಿ ಆಮೆಗೆ ಒಂದು ಕಾಗದ ಬೇಕು. ‘ಇದು ಕಾಡಿನದಲ್ಲ, ಸಾಕಿದ ಆಮೆಗೆ ಹುಟ್ಟಿದ ಮರಿ’ ಅನ್ನುವ ಕಾಗದ. ನಾನು ಓದಿದ್ದು ಪಶುವೈದ್ಯಕೀಯ, ಈಗ ಮಾಡುವ ಕೆಲಸ ಡಿಎನ್‌ಎ ಜೊತೆ. ಹಾಗಾಗಿ ಇವತ್ತಿನ ನನ್ನ ಮಾತು ಆ ಕಾಗದದ ಸುತ್ತಲೇ ಇರುತ್ತದೆ. ನದಿ ಮೂಲ, ಋಷಿ ಮೂಲ ಹುಡುಕಬಾರದು ಅಂತಾರೆ ಹಿರಿಯರು. ಇರಲಿ. ಆಮೆ ಮೂಲವನ್ನು ಮಾತ್ರ ಹುಡುಕಲೇಬೇಕು.

ಮೊದಲು ಕಾನೂನು ಎಲ್ಲಿದೆ ಅಂತ ನೋಡೋಣ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಬಹಳ ಕಾಲ ನಾಲ್ಕನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯ ನಂತರ ಒಂದನೇ ಪಟ್ಟಿಗೆ ಬಂದಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಹಿಡಿಯುವುದು, ಸಾಕುವುದು, ಮಾರುವುದು, ಮನೆಯಲ್ಲಿ ಮರಿ ಮಾಡಿಸುವುದು ಎಲ್ಲವೂ ಅಪರಾಧ. ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಸೈಟಿಸ್ ಅನ್ನುವ ಒಪ್ಪಂದ ಇದೆ. 2019ರಲ್ಲಿ ಜಿನೀವಾದಲ್ಲಿ ನಡೆದ ಅದರ ಸಭೆಯಲ್ಲಿ ನಕ್ಷತ್ರ ಆಮೆಯನ್ನು ಎರಡನೇ ಅನುಬಂಧದಿಂದ ಒಂದನೇ ಅನುಬಂಧಕ್ಕೆ ಏರಿಸಿದರು. ಕೇಳಿದವರಲ್ಲಿ ಭಾರತವೂ ಇತ್ತು, ಶ್ರೀಲಂಕಾ, ಬಾಂಗ್ಲಾದೇಶಗಳೂ ಇದ್ದವು. ಅಂದರೆ ಕಾಡಿನಲ್ಲಿ ಹಿಡಿದ ಆಮೆಯ ವ್ಯಾಪಾರ ಪೂರ್ತಿ ಬಂದ್.

ಆದರೆ ಸಾಕಣೆಯಲ್ಲಿ ಹುಟ್ಟಿದ್ದು? ಅದಕ್ಕೆ ಬೇರೆ ದಾರಿ ಇದೆ. ಸೈಟಿಸ್ ಕಾಗದದಲ್ಲಿ ಮೂಲ ತೋರಿಸಲು ಒಂದು ಅಕ್ಷರ ಬರೆಯುತ್ತಾರೆ. ‘ಡಬ್ಲ್ಯೂ’ ಅಂದರೆ ಕಾಡಿನದು. ‘ಎಫ್’ ಅಂದರೆ ಸಾಕಣೆಯಲ್ಲೇ ಹುಟ್ಟಿದೆ, ಆದರೆ ಎಲ್ಲ ಷರತ್ತು ಪೂರೈಸಿಲ್ಲ. ‘ಸಿ’ ಅಂದರೆ ಎಲ್ಲ ಷರತ್ತಿಗೂ ಸರಿಹೊಂದಿದ ಸಾಕಣೆ ಮರಿ. ಒಂದನೇ ಅನುಬಂಧದ ಪ್ರಾಣಿಯನ್ನು ಮಾರಾಟಕ್ಕೆಂದೇ ಬೆಳೆಸಲು ನೋಂದಾಯಿತ ಕೇಂದ್ರಗಳೂ ಇರಬಹುದು, ಅವುಗಳಿಗೆ ‘ಡಿ’ ಅಕ್ಷರ. ಒಂದು ಅಕ್ಷರ ಬದಲಾದರೆ ಕಳ್ಳಮಾಲು ಸಾಚಾ ಮಾಲಾಗುತ್ತದೆ. ಇಡೀ ದಂಧೆಯ ಜೀವ ಇರುವುದು ಇಲ್ಲಿ.

ಆ ‘ಸಿ’ ಅಕ್ಷರ ಸುಮ್ನೆ ಸಿಗುವುದಲ್ಲ. ಮರಿ ಸಾಕಣೆಯಲ್ಲಿ ಹುಟ್ಟಿದ್ದರೆ ಸಾಲದು, ಅದರ ಅಪ್ಪ ಅಮ್ಮ ಕೂಡಿದ್ದೂ ಸಾಕಣೆಯಲ್ಲೇ ಆಗಿರಬೇಕು. ಆ ಅಪ್ಪ ಅಮ್ಮ ಕಾನೂನು ಪ್ರಕಾರ ಬಂದಿರಬೇಕು. ಕಾಡಿನಿಂದ ಹೊಸ ಪ್ರಾಣಿ ತಂದು ಸೇರಿಸುತ್ತಾ ಹೋಗುವಂತಿಲ್ಲ. ಎರಡನೇ ತಲೆಮಾರು, ಅಂದರೆ ಮೊಮ್ಮಕ್ಕಳನ್ನು ಪಡೆಯುವ ಶಕ್ತಿ ಆ ಕೇಂದ್ರಕ್ಕೆ ಇದೆ ಅಂತ ತೋರಿಸಬೇಕು. ಕಾಡಿನಲ್ಲಿ ಹೆಣ್ಣು ಆಮೆ ಬಲಿಯಲು 6ರಿಂದ 12 ವರ್ಷ ಬೇಕು. ಚೆನ್ನಾಗಿ ಮೇಯಿಸಿ ಬೆಳೆಸಿದರೆ ಸ್ವಲ್ಪ ಬೇಗ ಆಗಬಹುದು. ಆದರೂ ನಾಲ್ಕು ವರ್ಷದ ಹಿಂದೆ ಶುರುವಾದ ಕೇಂದ್ರ ‘ನಮ್ಮಲ್ಲಿ ಇರುವುದೆಲ್ಲ ಮೊಮ್ಮಕ್ಕಳು’ ಅಂದರೆ ಡಿಎನ್‌ಎ ನೋಡುವ ಮೊದಲು ಕ್ಯಾಲೆಂಡರ್ ನೋಡಿದರೆ ಸಾಕು.

ಲೆಕ್ಕ ಹಾಕುವುದೂ ಒಂದು ಒಳ್ಳೆಯ ಪರೀಕ್ಷೆ. ಜನ ಇದನ್ನು ಕಡೆಗಣಿಸುತ್ತಾರೆ. ಹೆಣ್ಣು ಆಮೆ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡರಿಂದ ಆರು ಮೊಟ್ಟೆ ಇಡುತ್ತದೆ, ಅಪರೂಪಕ್ಕೆ ಹತ್ತರವರೆಗೂ ಹೋಗಬಹುದು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಇಡಬಹುದು. ಒಂದು ಕೇಂದ್ರದಲ್ಲಿ 40 ಹೆಣ್ಣುಗಳಿವೆ ಅಂತ ಇಟ್ಟುಕೊಳ್ಳಿ. ಧಾರಾಳವಾಗಿಯೇ ಲೆಕ್ಕ ಹಾಕೋಣ. ಪ್ರತಿ ಹೆಣ್ಣು ಮೂರು ಸಲ, ಸಲಕ್ಕೆ ಐದು ಮೊಟ್ಟೆ. ಒಟ್ಟು 600 ಮೊಟ್ಟೆ. ಎಲ್ಲ ಮೊಟ್ಟೆಯೂ ಫಲಿಸುವುದಿಲ್ಲ, ಫಲಿಸಿದ್ದೆಲ್ಲ ಒಡೆಯುವುದಿಲ್ಲ. 400 ಮರಿ ಬಂದರೆ ಆ ಕೇಂದ್ರದವರಿಗೆ ನಾನೇ ಎದ್ದು ನಿಂತು ಕೈಮುಗಿಯುತ್ತೇನೆ. ಅವರು ರಫ್ತು ಮಾಡಿದ್ದು 2,000 ಮರಿ ಆಗಿದ್ದರೆ? ಉಳಿದ 1,600 ಮರಿಗಳ ಅಮ್ಮ ಯಾರು ಅಂತ ಕೇಳಬೇಕು, ಅಲ್ವಾ?

ಈಗ ಮೊಟ್ಟೆ ಇಡುವುದನ್ನು ಹತ್ತಿರದಿಂದ ನೋಡೋಣ. ವಂಶದ ದಾಖಲೆ ತಪ್ಪುವುದೂ ಸರಿಯಾಗುವುದೂ ಅಲ್ಲೇ.

ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ಆಮೆ ಚಡಪಡಿಸುತ್ತದೆ. ಆವರಣದ ಗೋಡೆ ಉದ್ದಕ್ಕೂ ಓಡಾಡುತ್ತದೆ, ಮೂಗನ್ನು ನೆಲಕ್ಕೆ ತಾಗಿಸಿ ಜಾಗ ಹುಡುಕುತ್ತದೆ. ಜಾಗ ಸಿಕ್ಕಿದ ಮೇಲೆ ಮಣ್ಣಿನ ಮೇಲೆ ಮೂತ್ರ ಬಿಟ್ಟು ಮೆತ್ತಗೆ ಮಾಡಿಕೊಳ್ಳುತ್ತದೆ. ಆಮೇಲೆ ಹಿಂಗಾಲಿನಿಂದ ಅಗೆಯುತ್ತದೆ. ಬಲಗಾಲು ಒಮ್ಮೆ, ಎಡಗಾಲು ಒಮ್ಮೆ. ತಾನು ತೋಡುವ ಗುಂಡಿಯನ್ನು ಅದು ತಿರುಗಿ ನೋಡುವುದೇ ಇಲ್ಲ. ಒಂದೊಂದಾಗಿ ಮೊಟ್ಟೆ ಇಳಿಸುತ್ತದೆ, ಪ್ರತಿ ಮೊಟ್ಟೆಯನ್ನೂ ಕಾಲಿನಿಂದ ಮೆಲ್ಲಗೆ ಒಳಗೆ ಸರಿಸುತ್ತದೆ. ಮುಗಿದ ಮೇಲೆ ಮಣ್ಣೆಳೆದು ಮುಚ್ಚಿ, ಹೊಟ್ಟೆಯ ಚಿಪ್ಪಿನಿಂದ ದಬ್ ದಬ್ ಅಂತ ಬಡಿದು ಸಮ ಮಾಡುತ್ತದೆ. ಮರುದಿನ ಬೆಳಿಗ್ಗೆ ಬಂದರೆ ಗುಂಡಿ ಎಲ್ಲಿತ್ತು ಅಂತ ಗೊತ್ತೇ ಆಗುವುದಿಲ್ಲ. ಒಂದೇ ಆವರಣದಲ್ಲಿ ಹತ್ತು ಹೆಣ್ಣುಗಳಿದ್ದರೆ, ಕಣ್ಣಾರೆ ನೋಡದ ಹೊರತು ಮೊಟ್ಟೆ ಯಾರದ್ದು ಅಂತ ಹೇಳಲು ಆಗುವುದಿಲ್ಲ. ಎಷ್ಟೋ ಕಡೆ ಸಂಜೆ ಹೊತ್ತು ಕಾವಲುಗಾರನೇ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಆ ಪುಸ್ತಕವನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ಅವನು ಬರೆದ ಒಂದು ಸಾಲು ನನ್ನ ಒಂದು ವಾರದ ಲ್ಯಾಬ್ ಕೆಲಸ ಉಳಿಸುತ್ತದೆ.

ಮೊಟ್ಟೆಯನ್ನು ಹೊರತೆಗೆಯುವಾಗ ತಿರುಗಿಸಬಾರದು. ಕೋಳಿ ಮೊಟ್ಟೆಯನ್ನು ದಿನಾ ತಿರುಗಿಸುತ್ತಾರೆ, ಇದನ್ನು ತಿರುಗಿಸಿದರೆ ಒಳಗಿನ ಪಿಂಡ ಸಾಯಬಹುದು. ಹಾಗಾಗಿ ಮಣ್ಣಿನಲ್ಲಿರುವಾಗಲೇ ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾರೆ. ಗುರುತಿನ ಜೊತೆಗೇ ಸಂಖ್ಯೆ: ಯಾವ ಹೆಣ್ಣು, ಯಾವ ದಿನ, ಎಷ್ಟನೇ ಮೊಟ್ಟೆ. ಚಿಪ್ಪು ಉಸಿರಾಡುವುದರಿಂದ ಇಂಕು ಬಳಸುವುದಿಲ್ಲ. ನಂತರ ಇನ್‌ಕ್ಯುಬೇಟರ್. ಮರಿ ಬರಲು ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು. ಕಾವು ಸುಮಾರು 29 ಡಿಗ್ರಿ ಇದ್ದರೆ ಹೆಚ್ಚಿನವು ಗಂಡು, 31-32 ಡಿಗ್ರಿ ಇದ್ದರೆ ಹೆಚ್ಚಿನವು ಹೆಣ್ಣು. ಇವುಗಳಲ್ಲಿ ಗಂಡು ಹೆಣ್ಣು ತೀರ್ಮಾನವಾಗುವುದು ನಮ್ಮ ಹಾಗೆ ಕ್ರೋಮೋಸೋಮಿನಿಂದ ಅಲ್ಲ, ಮೊಟ್ಟೆ ಕೂತ ಶಾಖದಿಂದ. ಒಂದು ಥರ್ಮೋಸ್ಟಾಟ್ ಕೆಟ್ಟರೆ ಇಡೀ ಬ್ಯಾಚಿಗೆ ಗಂಡೇ ಇಲ್ಲದಂತಾಗಬಹುದು.

ಮರಿ ಹೊರಬಂದಾಗ ಅದಕ್ಕೆ ನಕ್ಷತ್ರ ಇರುವುದಿಲ್ಲ. ಇದನ್ನು ಕೇಳಿದರೆ ಬಹಳ ಜನಕ್ಕೆ ಆಶ್ಚರ್ಯ. ಹಳದಿ ಅಥವಾ ಕಿತ್ತಳೆ ಛಾಯೆಯ ಬಿಲ್ಲೆ, ಅದರ ಮೇಲೆ ಕಪ್ಪು ಚುಕ್ಕೆ, ಪಟ್ಟೆ. ಬಿಲ್ಲೆಯ ಅಂಚಿನಲ್ಲಿ ಹೊಸ ಪದರ ಸೇರಿ ಅದು ದೊಡ್ಡದಾದಂತೆ ಕಪ್ಪು ಹರಡಿ, ಹಳದಿ ಗೆರೆಗಳಾಗಿ ಒಡೆದು, ನಕ್ಷತ್ರ ಮೂಡುತ್ತದೆ. ಇದು ನಮಗೊಂದು ತಲೆನೋವು. ದೊಡ್ಡ ಆಮೆಯ ಬೆನ್ನಿನ ಫೋಟೋ ಇದ್ದರೆ ಅದನ್ನು ಮತ್ತೆ ಗುರುತಿಸಬಹುದು, ಎರಡು ಆಮೆಗಳ ಗೆರೆ ಒಂದೇ ತರ ಇರುವುದಿಲ್ಲ. ಮರಿಯ ಫೋಟೋ ಒಂದು ವರ್ಷದ ನಂತರ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಚರ್ಮದಡಿ ಹಾಕುವ ಮೈಕ್ರೋಚಿಪ್‌ಗೆ ಮರಿಯ ಮೈಯಲ್ಲಿ ಜಾಗವೇ ಇಲ್ಲ. ಹಾಗಾಗಿ ಹುಟ್ಟಿದಾಗಿನಿಂದ ಚಿಪ್ ಹಾಕುವವರೆಗೆ ಒಂದು ಕಿಂಡಿ ಉಳಿಯುತ್ತದೆ. ಮರಿ ಬದಲಾಯಿಸುವವರು ಕೈ ಹಾಕುವುದು ಆ ಕಿಂಡಿಯಲ್ಲೇ. ಸತ್ತ ಮರಿಯ ದಾಖಲೆಗೆ ಕಾಡಿನ ಮರಿಯನ್ನು ಕೂರಿಸಿಬಿಟ್ಟರೆ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅಮ್ಮ ಯಾರು ಅನ್ನುವುದನ್ನು ಕಾವಲು ಕೂತು ನೋಡಬಹುದು ಅಂದೆ. ಅಪ್ಪ ಯಾರು ಅನ್ನುವುದನ್ನು ಕಾವಲು ಕೂತರೂ ಹೇಳಲು ಆಗುವುದಿಲ್ಲ. ‘ಮೂರನೇ ನಂಬರಿನ ಗಂಡು ಇವಳ ಮೇಲೆ ಹತ್ತಿದ್ದನ್ನು ನಾವೇ ನೋಡಿದ್ದೇವೆ’ ಅಂತ ಕೇಂದ್ರದವರು ಹೇಳುತ್ತಾರೆ. ನೋಡಿರಬಹುದು, ಸುಳ್ಳಲ್ಲ. ಆದರೆ ಹೆಣ್ಣು ಆಮೆಗಳು ವೀರ್ಯವನ್ನು ಒಳಗೆ ಕೂಡಿಟ್ಟುಕೊಳ್ಳುತ್ತವೆ. ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ. ಹೋದ ವರ್ಷ ಕೂಡಿದ ಗಂಡಿನ ಮರಿ ಈ ವರ್ಷ ಬರಬಹುದು. ಒಂದೇ ಗುಂಡಿಯ ಐದು ಮೊಟ್ಟೆಗಳಿಗೆ ಇಬ್ಬರು ಅಪ್ಪಂದಿರೂ ಇರಬಹುದು. ಆಮೆಗಳಲ್ಲಿ ಇದು ಅಪರೂಪವೂ ಅಲ್ಲ.

ಇದರಿಂದ ಕಾನೂನಿಗೂ ಒಂದು ಸಂಕಟ ಬರುತ್ತದೆ. ಕಾಡಿನಿಂದ ಹಿಡಿದು ತಂದ ಹೆಣ್ಣನ್ನು ಆವರಣಕ್ಕೆ ಬಿಟ್ಟ ಮೇಲೆ ಅದು ಮೊಟ್ಟೆ ಇಟ್ಟರೆ ಮರಿ ‘ಸಾಕಣೆಯಲ್ಲಿ ಹುಟ್ಟಿದ್ದು’ ಹೌದು. ಆದರೆ ಕೂಡಿದ್ದು ಕಾಡಿನಲ್ಲಿ. ಹಾಗಾಗಿ ಅದಕ್ಕೆ ‘ಸಿ’ ಅಕ್ಷರ ಸಿಗಬಾರದು. ಒಂದು ವರ್ಷ ಬಿಟ್ಟು ಮೊಟ್ಟೆ ಇಟ್ಟರೂ ಅನುಮಾನ ಹೋಗುವುದಿಲ್ಲ, ಒಳಗಿರುವ ವೀರ್ಯ ಕಾಡಿನದ್ದೇ ಇರಬಹುದು. ಪುಸ್ತಕದಲ್ಲಿ ಇದು ಎಲ್ಲೂ ಕಾಣುವುದಿಲ್ಲ, ಡಿಎನ್‌ಎಯಲ್ಲಿ ಕಾಣುತ್ತದೆ. ಆವರಣದ ಯಾವ ಗಂಡೂ ಆ ಮರಿಯ ಅಪ್ಪ ಅಲ್ಲ ಅಂತಾದರೆ ಅಪ್ಪ ಹೊರಗಿನವನು. ಇಷ್ಟು ತಿಳಿಯಲು ಅವನು ಯಾರು ಅಂತ ಗೊತ್ತಾಗಬೇಕಾಗಿಲ್ಲ.

ಇದನ್ನು ಹೇಗೆ ಕಂಡುಹಿಡಿಯುತ್ತೇವೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ‘ಡಿಎನ್‌ಎ ಟೆಸ್ಟ್ ಮಾಡಿಸಿದ್ದೇವೆ’ ಅಂದ ಕೂಡಲೇ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬಾರದು. ಯಾವ ಟೆಸ್ಟ್, ಯಾರ ಜೊತೆ ಹೋಲಿಸಿದ್ದು ಅಂತ ಕೇಳಬೇಕು.

ಆಮೆಯಿಂದ ಒಂದು ಹನಿ ರಕ್ತ ಸಿಕ್ಕರೆ ಸಾಕು. ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಹಾಗಾಗಿ ಡಿಎನ್‌ಎಗೆ ಬಿಳಿ ಕಣವನ್ನೇ ನೆಚ್ಚಿಕೊಳ್ಳಬೇಕು. ಆಮೆಯ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇದೆ. ಹನಿಯೊಳಗೆ ಬೇಕಾದಷ್ಟು ಡಿಎನ್‌ಎ. ರಕ್ತ ತೆಗೆಯಲಾಗದ ಪುಟ್ಟ ಮರಿಯಾದರೆ ಬಾಯೊಳಗೆ ಹತ್ತಿ ಕಡ್ಡಿ ಆಡಿಸಿದರೂ ಆಗುತ್ತದೆ. ಒಡೆಯದೆ ಉಳಿದ ಮೊಟ್ಟೆಗಳನ್ನು ಎಸೆಯಬೇಡಿ ಅಂತ ನಾನು ಎಲ್ಲ ಕಡೆ ಹೇಳುತ್ತೇನೆ. ಒಳಗೆ ಸತ್ತ ಪಿಂಡ ಇದ್ದರೆ ಅದೂ ಅಪ್ಪನ ಸುಳಿವು ಕೊಡುತ್ತದೆ.

ಡಿಎನ್‌ಎಯಲ್ಲಿ ಕೆಲವು ಜಾಗಗಳಿವೆ. ಅಲ್ಲಿ ಎರಡು ಮೂರು ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಅನ್ನುವುದು ಪ್ರಾಣಿಯಿಂದ ಪ್ರಾಣಿಗೆ ಬೇರೆ, ಹಾಗಾಗಿ ಆ ಜಾಗದ ಉದ್ದವೂ ಬೇರೆ. ಇವಕ್ಕೆ ಮೈಕ್ರೋಸ್ಯಾಟಲೈಟ್ ಅನ್ನುತ್ತಾರೆ. ಪ್ರತಿ ಪ್ರಾಣಿಗೂ ಒಂದು ಜಾಗದಲ್ಲಿ ಎರಡು ಉದ್ದ ಇರುತ್ತದೆ. ಮರಿಯ ಹೆಸರಿಗೆ ಎರಡು ಇನಿಷಿಯಲ್ ಇದ್ದ ಹಾಗೆ: ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು.

ಒಂದು ಉದಾಹರಣೆ. ಒಂದು ಜಾಗದಲ್ಲಿ ಅಮ್ಮನ ಉದ್ದಗಳು 142 ಮತ್ತು 150 ಅಕ್ಷರ. ಮರಿಯದು 150 ಮತ್ತು 158. ಮರಿಯ 150 ಅಮ್ಮನಿಂದ ಬಂತು, ಸರಿ. 158 ಅಮ್ಮನಲ್ಲಿ ಇಲ್ಲ, ಹಾಗಾಗಿ ಅದು ಅಪ್ಪನದು. ಪುಸ್ತಕದಲ್ಲಿ ಅಪ್ಪ ಅಂತ ಬರೆದ ಗಂಡಿನ ಉದ್ದಗಳು 146 ಮತ್ತು 154. ಅವನಲ್ಲಿ 158 ಇಲ್ಲವೇ ಇಲ್ಲ. ಹಾಗಾದರೆ ಅವನು ಅಪ್ಪನಲ್ಲ ಅಂತ ಈಗಲೇ ಹೇಳಬಹುದಾ? ಬೇಡ, ತಡೆಯಿರಿ. ಒಂದು ಜಾಗದಲ್ಲಿ ಹೊಂದದೆ ಇರುವುದಕ್ಕೆ ಡಿಎನ್‌ಎಯಲ್ಲಿ ಆದ ಹೊಸ ಬದಲಾವಣೆ ಕಾರಣ ಇರಬಹುದು, ಲ್ಯಾಬಿನ ಎಡವಟ್ಟೂ ಇರಬಹುದು. ಅದಕ್ಕೇ ಹತ್ತು ಹದಿನೈದು ಜಾಗಗಳನ್ನು ನೋಡುತ್ತೇವೆ. ಎರಡು ಮೂರು ಕಡೆ ಹೀಗೆ ತಪ್ಪಿದರೆ ಅವನು ಅಪ್ಪನಲ್ಲ, ಅಷ್ಟೇ.

ಎಲ್ಲ ಕಡೆ ಹೊಂದಿದರೆ? ಆಗ ಇನ್ನೂ ಹುಷಾರಾಗಿರಬೇಕು. ‘ಅಪ್ಪನಲ್ಲ’ ಅಂತ ಹೇಳುವುದು ಸುಲಭ, ‘ಇವನೇ ಅಪ್ಪ’ ಅಂತ ಹೇಳುವುದು ಕಷ್ಟ. ಆವರಣದಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದರೆ ಇಬ್ಬರಿಗೂ ಹೊಂದಬಹುದು. ಆ ಸೀಮೆಯ ಎಲ್ಲ ಆಮೆಗಳಲ್ಲೂ 158 ಮಾಮೂಲಿ ಉದ್ದವಾಗಿದ್ದರೆ ಹೊಂದುವುದಕ್ಕೆ ಬೆಲೆಯೇ ಇಲ್ಲ. ಹಾಗಾಗಿ ಆವರಣದ ಎಲ್ಲ ಗಂಡುಗಳ ರಕ್ತವೂ ಬೇಕು, ಅವರು ತೋರಿಸಿದ ಒಂದು ಗಂಡಿನದ್ದಲ್ಲ. ಸತ್ತು ಹೋದ ಗಂಡಿನ ಮಾದರಿ ಇಟ್ಟಿದ್ದಾರಾ ಅಂತಲೂ ಕೇಳಬೇಕು. ವಂಶ ಪರೀಕ್ಷೆ ಮರಿ ಹುಟ್ಟಿದ ಮೇಲೆ ಮಾಡುವ ಕೆಲಸ ಅಂತ ಜನ ತಿಳಿದಿದ್ದಾರೆ. ಮೊದಲ ಜೋಡಿಯನ್ನು ಆವರಣಕ್ಕೆ ಬಿಡುವ ದಿನವೇ ಅವುಗಳ ರಕ್ತ ತೆಗೆದು ಬೇರೆಯವರ ಸುಪರ್ದಿಯಲ್ಲಿ ಇಡದಿದ್ದರೆ ಆಮೇಲೆ ಮಾಡುವ ಪರೀಕ್ಷೆಗೆಲ್ಲ ಅರ್ಧ ಬೆಲೆ.

ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗದ, ಡಿಎನ್‌ಎ ಅಂತ ಇನ್ನೊಂದಿದೆ. ಅದು ಅಮ್ಮನಿಂದ ಮಾತ್ರ ಬರುತ್ತದೆ. ಮರಿಯದ್ದೂ ಅಮ್ಮನದ್ದೂ ಬೇರೆ ಬೇರೆ ಇದ್ದರೆ ಅವಳು ಅಮ್ಮನಲ್ಲ. ಒಂದೇ ಇದ್ದರೆ ಅವಳೇ ಅಮ್ಮ ಅಂತ ಅರ್ಥ ಅಲ್ಲ, ಅವಳ ಅಕ್ಕತಂಗಿಯೂ ಆಗಬಹುದು, ದೂರದ ಸಂಬಂಧಿಯೂ ಆಗಬಹುದು. ಆದರೆ ಯಾವ ಸೀಮೆಯ ಆಮೆ ಅಂತ ಹೇಳಲು ಇದು ತುಂಬಾ ಉಪಯೋಗ.

ಗಂಡಿನ ವಿಷಯದಲ್ಲಿ ಕಣ್ಣಿಗೆ ಕಂಡಿದ್ದು ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ನಕ್ಷತ್ರ ಆಮೆಯನ್ನು ಬಿಟ್ಟು ಸ್ವಲ್ಪ ದೂರ ಹೋಗುತ್ತೇನೆ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದಲ್ಲಿರುವ ಎಸ್ಪಾನ್ಯೋಲಾ ದ್ವೀಪದ ದೈತ್ಯ ಆಮೆಗಳು ಒಂದು ಕಾಲಕ್ಕೆ ಹದಿನಾಲ್ಕೇ ಉಳಿದಿದ್ದವು. ಹನ್ನೆರಡು ಹೆಣ್ಣು, ಎರಡು ಗಂಡು. ಅವನ್ನು ಸಾಕಣೆ ಕೇಂದ್ರಕ್ಕೆ ತಂದರು. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಿಂದ ಮೂರನೇ ಗಂಡು ಬಂತು. ಅದೇ ಡಿಯಾಗೋ. ಸುಮಾರು 2,000 ಮರಿಗಳು ದ್ವೀಪಕ್ಕೆ ಮರಳಿದವು. 2020ರಲ್ಲಿ ಕಾರ್ಯಕ್ರಮ ಮುಗಿಸಿ ಡಿಯಾಗೋನನ್ನೂ ದ್ವೀಪಕ್ಕೆ ಬಿಟ್ಟರು. ‘ತನ್ನ ಕುಲವನ್ನು ಒಬ್ಬನೇ ಉಳಿಸಿದ ಆಮೆ’ ಅಂತ ಪತ್ರಿಕೆಗಳಲ್ಲಿ ಬಂದಿದ್ದೇ ಬಂದಿದ್ದು. ಡಿಯಾಗೋ ಸ್ವಭಾವತಃ ಜೋರು, ಗಲಾಟೆ ಜಾಸ್ತಿ. ನೋಡಿದವರೆಲ್ಲ ಮರಿಗಳೆಲ್ಲ ಅವನವೇ ಅಂದುಕೊಂಡರೆ ತಪ್ಪಿಲ್ಲ. ಡಿಎನ್‌ಎ ನೋಡಿದರೆ ಅವನ ಪಾಲು ಸುಮಾರು 40 ಶೇಕಡಾ. ಸುಮಾರು 60 ಶೇಕಡಾ ಮರಿಗಳ ಅಪ್ಪ ಇನ್ನೊಬ್ಬ. ಸದ್ದಿಲ್ಲದ ಗಂಡು, ಅವನಿಗೊಂದು ಹೆಸರೂ ಇರಲಿಲ್ಲ. ದಾಖಲೆಯಲ್ಲಿ ಅವನು ‘ಇ5’. ಮೂರನೆಯವನದು ಹೇಳಿಕೊಳ್ಳುವಷ್ಟು ಇಲ್ಲ. ಮೂರೇ ಗಂಡುಗಳಿರುವ ಕಡೆ ಹೀಗೆ. ಮೂವತ್ತು ಗಂಡುಗಳಿರುವ ಕಡೆ ‘ನಾವೇ ನೋಡಿದ್ದೇವೆ’ ಅನ್ನುವ ಮಾತಿಗೆ ಎಷ್ಟು ತೂಕ ಕೊಡಬೇಕು ಅಂತ ನೀವೇ ಯೋಚಿಸಿ.

ಈಗ ನಕ್ಷತ್ರ ಆಮೆಯ ನಿಜವಾದ ಸಾಕಣೆಯ ಗೆಲುವಿಗೆ ಬರುತ್ತೇನೆ. ಅದು ಆಗಿದ್ದು ಮ್ಯಾನ್ಮಾರ್‌ನಲ್ಲಿ. ಅಲ್ಲಿನದು ನಮ್ಮ ಆಮೆಯ ಹತ್ತಿರದ ನಂಟ, ಬರ್ಮಾ ನಕ್ಷತ್ರ ಆಮೆ. ಮ್ಯಾನ್ಮಾರ್‌ನ ನಡುವಿನ ಒಣ ಸೀಮೆ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ಕಾಡಿನಲ್ಲಿ ಇಲ್ಲ. ಎರಡನ್ನೂ ಗುರುತಿಸುವುದು ಸುಲಭ. ಅದರ ಒಂದು ಬಿಲ್ಲೆಗೆ ಆರಕ್ಕಿಂತ ಹೆಚ್ಚು ಗೆರೆ ಇರುವುದಿಲ್ಲ, ನಮ್ಮದಕ್ಕೆ ಸಾಮಾನ್ಯವಾಗಿ ಜಾಸ್ತಿ. ಮಗುಚಿ ನೋಡಿದರೆ ನಮ್ಮ ಆಮೆಯ ಹೊಟ್ಟೆಯ ಮೇಲೂ ಗೆರೆಗಳಿವೆ, ಅದರ ಹೊಟ್ಟೆಯ ಮೇಲೆ ಬರೀ ಕಪ್ಪು ಮಚ್ಚೆ. ಎರಡು ಸಾವಿರದ ಇಸವಿಯ ಹೊತ್ತಿಗೆ ವ್ಯಾಪಾರಿಗಳು ಅದನ್ನು ಎಷ್ಟು ಬಾಚಿದ್ದರೆಂದರೆ ಕಾಡಿನಲ್ಲಿ ಇಲ್ಲವಾಯಿತು ಅಂತಲೇ ಲೆಕ್ಕ. 2004ರಲ್ಲಿ ಸುಮಾರು 175 ಆಮೆಗಳಿಂದ ಸಾಕಣೆ ಶುರು ಮಾಡಿದರು. ಹೆಚ್ಚಿನವು ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡವು. ಬಗಾನ್ ಬಳಿಯ ಲೋಕನಂದ, ಮಿನ್ಜೋಂಟೌಂಗ್, ಶ್ವೇಸೆಟ್ಟೋ ಅನ್ನುವ ಮೂರು ಅಭಯಾರಣ್ಯಗಳಲ್ಲಿ ಕೇಂದ್ರಗಳಿದ್ದವು. 2017ರ ಹೊತ್ತಿಗೆ ಆಮೆಗಳ ಸಂಖ್ಯೆ 14,000 ದಾಟಿತ್ತು. ನೂರಾರು ಆಮೆಗಳನ್ನು ಮತ್ತೆ ಕಾಡಿಗೆ ಬಿಟ್ಟರು.

ಆಮೆಯನ್ನು ಮರಿ ಮಾಡಿಸುವುದು ದೊಡ್ಡ ವಿದ್ಯೆ ಏನಲ್ಲ ಅಂತ ಮ್ಯಾನ್ಮಾರ್ ತೋರಿಸಿಕೊಟ್ಟಿತು. ಅದೇ ಊರಿನ ಬಿಸಿಲು, ಅದೇ ಮಣ್ಣು, ಅದೇ ಸೊಪ್ಪು ಸಿಕ್ಕರೆ ಅವು ತಾವಾಗಿ ಮರಿ ಮಾಡುತ್ತವೆ. ಅಲ್ಲಿ ಇನ್ನೊಂದು ಅನುಕೂಲವೂ ಇತ್ತು. ಇಡೀ ಜಾತಿಗೆ ಇರುವುದು ಒಂದೇ ಸೀಮೆ. ಬರ್ಮಾ ನಕ್ಷತ್ರ ಆಮೆ ಎಲ್ಲೇ ಸಿಕ್ಕರೂ ಅದರ ಊರು ಯಾವುದು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆಯೇ.

ನಮಗೆ ಆ ಅನುಕೂಲ ಇಲ್ಲ. ಮೂರು ಸೀಮೆ ಅಂತ ಹೇಳಿದ್ದು ಇದಕ್ಕೇ. ಇತ್ತೀಚೆಗೆ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಪಂಜಾಬ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನದಲ್ಲಿ ವಾಯವ್ಯ ಭಾರತದ ಆಮೆಗಳೂ ದಕ್ಷಿಣದವೂ ಎರಡು ಬೇರೆ ಗುಂಪು ಅಂತ ಕಂಡಿದೆ. ಗುಜರಾತಿನ ಆಮೆಯನ್ನು ತಂದು ಚಿಂತಾಮಣಿಯ ಗುಡ್ಡಕ್ಕೆ ಬಿಟ್ಟರೆ ಎರಡೂ ಗುಂಪು ಬೆರೆತುಹೋಗುತ್ತದೆ. ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ. ಆದರೆ ವಶಪಡಿಸಿಕೊಂಡ ಚೀಲದಲ್ಲಿ ಇರುವ ಆಮೆಗಳು ಎಲ್ಲಿಯವು ಅಂತ ಚೀಲದ ಮೇಲೆ ಬರೆದಿರುವುದಿಲ್ಲ. ಸಿಕ್ಕಿಬಿದ್ದವನು ಬಾಯಿ ಬಿಡುವುದಿಲ್ಲ. ಬಿಟ್ಟರೂ ಅವನು ಹೇಳುವುದು ತಾನು ಕೊಂಡ ಊರನ್ನು, ಹಿಡಿದ ಊರನ್ನಲ್ಲ.

ಈ ಪ್ರಶ್ನೆ ಹೊಸದಲ್ಲ. ಸಿಂಗಾಪುರದಿಂದ ಹಿಂದಿರುಗಿ ಬಂದ ಆಮೆಗಳ ಮೂಲವನ್ನು ಡಿಎನ್‌ಎ ಮೂಲಕ ಹುಡುಕಲು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಕೆಲಸ ಮಾಡಿ 2006ರಲ್ಲೇ ಪ್ರಕಟಿಸಿದ್ದರು. 2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದಲೇ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ವೈಲ್ಡ್‌ಲೈಫ್ ಎಸ್‌ಒಎಸ್ ಅನ್ನುವ ವನ್ಯಜೀವಿ ರಕ್ಷಣಾ ಸಂಸ್ಥೆ ಮತ್ತು ನಮ್ಮ ಅರಣ್ಯ ಇಲಾಖೆ ಸೇರಿ ಅವನ್ನು ಬರಮಾಡಿಕೊಂಡರು. ವಿಮಾನದಲ್ಲಿ ಕಳ್ಳರ ಚೀಲದಲ್ಲಿ ಹೋದದ್ದು, ವಿಮಾನದಲ್ಲೇ ಸರ್ಕಾರಿ ಕಾಗದದ ಜೊತೆ ಬಂದದ್ದು. ಇಂಥ ಆಮೆಗಳನ್ನು ನೇರ ಕಾಡಿಗೆ ಬಿಡುವಂತಿಲ್ಲ. ಬೇರೆ ದೇಶದ ಬೇರೆ ಆಮೆಗಳ ಜೊತೆ ಇದ್ದು ಬಂದಿರುತ್ತವೆ. ಉಸಿರಾಟದ ಸೋಂಕು ಅಂಟಿಸಿಕೊಂಡು ಬಂದಿದ್ದರೆ ಕಾಡಿನ ಆಮೆಗಳಿಗೂ ಹರಡುತ್ತದೆ. ಪ್ರತ್ಯೇಕ ಇಟ್ಟು, ನೋಡಿ, ಆಮೇಲೆ ಬಿಡಬೇಕು.

ಹಾಗಾಗಿ ಭಾರತದಲ್ಲಿ ಈಗ ನಕ್ಷತ್ರ ಆಮೆಯನ್ನು ಸಾಕಣೆಯಲ್ಲಿ ಮರಿ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ನಮ್ಮ ಮೃಗಾಲಯಗಳು, ರಕ್ಷಣಾ ಕೇಂದ್ರಗಳಲ್ಲಿ ವಶಪಡಿಸಿಕೊಂಡ ಆಮೆಗಳಿಗೇ ಜಾಗ ಸಾಲದು. ಉತ್ತರದ್ದು ದಕ್ಷಿಣದ್ದು ಒಂದೇ ಆವರಣದಲ್ಲಿ ಇದ್ದರೆ ಅವು ಮರಿ ಮಾಡುತ್ತವೆ, ಆ ಮರಿಯನ್ನು ಯಾವ ಕಾಡಿಗೂ ಬಿಡುವ ಹಾಗಿಲ್ಲ. ಮೊದಲು ವಿಂಗಡಿಸಿ. ಅದಕ್ಕೆ ಮೂಲ ಗೊತ್ತಿರುವ ಕಾಡಿನ ಆಮೆಗಳ ಮಾದರಿ ಬೇಕು. ತಾಲ್ಲೂಕು ತಾಲ್ಲೂಕಿನದು. ಹೋಲಿಸಲು ಏನೂ ಇಲ್ಲದಿದ್ದರೆ ಎಷ್ಟು ದುಬಾರಿ ಯಂತ್ರ ತಂದರೂ ನಮ್ಮ ಲ್ಯಾಬ್‌ನವರು ಬರೀ ನಂಬರ್ ಓದುತ್ತಾ ಕೂರಬೇಕಾಗುತ್ತದೆ.

ಡಿಎನ್‌ಎ ಇಲ್ಲದೆಯೂ ಕೆಲವು ಸುಳಿವುಗಳಿವೆ. ಚುಟುಕಾಗಿ ಹೇಳಿಬಿಡುತ್ತೇನೆ. ಕಾಡಿನಲ್ಲಿ ಬೆಳೆದ ದೊಡ್ಡ ಆಮೆಯ ಚಿಪ್ಪು ಕಲ್ಲು ಮುಳ್ಳಿಗೆ ಉಜ್ಜಿ ಸವೆದಿರುತ್ತದೆ, ಕೆಲವೊಮ್ಮೆ ಬೆಂಕಿಯ ಗುರುತು, ನಾಯಿ ನರಿ ಕಚ್ಚಿದ ಗುರುತು, ರಕ್ತ ಹೀರುವ ಉಣ್ಣೆ ಹುಳ. ಪೆಟ್ಟಿಗೆಯಲ್ಲಿ ಬೆಳೆದದ್ದರ ಬಿಲ್ಲೆಗಳು ಬಹಳ ಸಲ ಗೋಪುರದಂತೆ ಎದ್ದಿರುತ್ತವೆ. ಚಿಕ್ಕಂದಿನಲ್ಲಿ ತೇವ ಸಾಲದಿದ್ದರೆ ಹಾಗಾಗುತ್ತದೆ. ಆದರೆ ನಮ್ಮ ಕಾಡಿನ ಆಮೆಗಳಿಗೂ ಸ್ವಲ್ಪ ಉಬ್ಬು ಸಹಜ, ಹಾಗಾಗಿ ಅದೊಂದನ್ನೇ ನಂಬಬಾರದು. ಚಿಪ್ಪಿನ ಪದರದಲ್ಲಿ ಅದು ತಿಂದ ಆಹಾರದ ಗುರುತು ಉಳಿಯುತ್ತದೆ, ಅದನ್ನು ಐಸೋಟೋಪ್, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಮೂಲಕ ಓದುವ ಪ್ರಯತ್ನಗಳೂ ಇವೆ. ಇವೆಲ್ಲ ಹೇಳುವುದು ಆಮೆ ಎಲ್ಲಿ ಬೆಳೆಯಿತು ಅಂತ ಮಾತ್ರ. ಯಾರಿಗೆ ಹುಟ್ಟಿತು ಅಂತ ಹೇಳುವುದಿಲ್ಲ. ವಾರದ ಮರಿಯನ್ನು ಹಿಡಿದು ತಂದು ಪೆಟ್ಟಿಗೆಯಲ್ಲಿ ಬೆಳೆಸಿದರೆ ಈ ಪರೀಕ್ಷೆಗಳೆಲ್ಲ ಅದನ್ನು ಸಾಕಣೆಯದು ಅಂತಲೇ ತೋರಿಸುತ್ತವೆ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೆ: ಮೇಡಂ, ನಮ್ಮಲ್ಲೇ ಫಾರ್ಮ್ ಮಾಡಿ ಕಾನೂನು ಪ್ರಕಾರ ಮಾರಿದರೆ ಕಳ್ಳಸಾಗಣೆ ನಿಲ್ಲುವುದಿಲ್ವಾ?

ಕೇಳಲು ಸರಿ ಅನಿಸುತ್ತದೆ. ಆದರೆ ದುಡ್ಡಿನ ಲೆಕ್ಕ ನೋಡಿ. ಫಾರ್ಮಿನಲ್ಲಿ ಹೆಣ್ಣನ್ನು ವರ್ಷಗಟ್ಟಲೆ ಮೇಯಿಸಬೇಕು, ಇನ್‌ಕ್ಯುಬೇಟರ್ ಕರೆಂಟು, ಆಳು, ಡಾಕ್ಟರು, ಡಿಎನ್‌ಎ ಖರ್ಚು. ಹೊಲದಲ್ಲಿ ಹಿಡಿದ ಮರಿಗೆ ಹಿಡಿದವನಿಗೆ ಕೊಡುವ ಪುಡಿಗಾಸು ಬಿಟ್ಟರೆ ಖರ್ಚೇ ಇಲ್ಲ. ಫಾರ್ಮಿನ ಕಾಗದ ಸಿಕ್ಕಿತು ಅಂದರೆ ಆ ಹೊಲದ ಮರಿಗೇ ಅದನ್ನು ಅಂಟಿಸುವ ಆಸೆ ಯಾರಿಗೂ ಬರುತ್ತದೆ. ಪ್ರತಿ ಮರಿಗೂ ಅಪ್ಪ ಅಮ್ಮನ ಪರೀಕ್ಷೆ ಮಾಡುವ, ಮಾಡಿದ್ದನ್ನು ಹೊರಗಿನವರು ಮತ್ತೆ ತಾಳೆ ನೋಡುವ ವ್ಯವಸ್ಥೆ ಇದ್ದರೆ ಮಾತಾಡೋಣ. ಅಷ್ಟು ಖರ್ಚು ಹಾಕಿ ಯಾರೂ ಆಮೆ ಮಾರಲು ಬರುವುದಿಲ್ಲ ಅನ್ನುವುದು ನನ್ನ ಅಂದಾಜು.

ಪ್ರಶ್ನೆ: ಒಂದೊಂದು ಮರಿಗೂ ಪರೀಕ್ಷೆ ಮಾಡಲೇಬೇಕಾ? ನಾಲ್ಕೈದು ಮರಿ ಆರಿಸಿ ನೋಡಿದರೆ ಸಾಲದಾ?

ಆರಿಸುವವರು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಕೇಂದ್ರದವರೇ ಆರಿಸಿಕೊಟ್ಟ ಮರಿಗಳೆಲ್ಲ ಪಾಸಾಗುತ್ತವೆ, ಅನುಮಾನವೇ ಬೇಡ. ತಪಾಸಣೆಗೆ ಬಂದವರು ಹೇಳದೆ ಕೇಳದೆ ತಾವೇ ತೊಟ್ಟಿಗೆ ಕೈ ಹಾಕಿ ಎತ್ತಿಕೊಂಡರೆ ಕೆಲವೇ ಮರಿಗಳಿಂದಲೂ ಬಹಳಷ್ಟು ತಿಳಿಯುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಮನೆಯಲ್ಲಿ ಒಂದು ನಕ್ಷತ್ರ ಆಮೆ ಇದೆ ಮೇಡಂ. ಬಹಳ ವರ್ಷದಿಂದ ಇದೆ. ಕಾನೂನು ಗೊತ್ತಿರಲಿಲ್ಲ. ಹೊಲಕ್ಕೆ ಬಿಟ್ಟುಬಿಡಲಾ?

ಬಿಡಬೇಡಿ. ಅದು ಸಿಕ್ಕಿದ್ದು ನಿಮ್ಮೂರಲ್ಲೇ ಇರಬಹುದು, ಯಾರೋ ಎಲ್ಲಿಂದಲೋ ತಂದು ಕೊಟ್ಟಿದ್ದೂ ಇರಬಹುದು. ರೋಗ ಇದೆಯೋ ಇಲ್ಲವೋ ಗೊತ್ತಿಲ್ಲ. ಅಷ್ಟು ವರ್ಷ ಅನ್ನ, ಬಾಳೆಹಣ್ಣು ತಿಂದುಕೊಂಡಿದ್ದ ಆಮೆಗೆ ಹೊಲದಲ್ಲಿ ಬದುಕುವ ಅಭ್ಯಾಸವೂ ತಪ್ಪಿರುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ವಿಷಯ ತಿಳಿಸಿ, ನೀವಾಗಿಯೇ ಒಪ್ಪಿಸಿ. ಒಪ್ಪಿಸುವಾಗ ಒಂದು ಉಪಕಾರ ಮಾಡಿ. ಆ ಆಮೆ ಯಾವ ಊರಿನ ಯಾವ ಹೊಲದಲ್ಲಿ, ಸುಮಾರು ಯಾವ ವರ್ಷ ಸಿಕ್ಕಿತು ಅಂತ ಅಜ್ಜಿಯನ್ನು ಕೇಳಿ. ನೆನಪಿದ್ದರೆ ಅದನ್ನೂ ಕಾಗದದಲ್ಲಿ ಬರೆಸಿ. ಕೊಂಡಿದ್ದಾದರೆ ಅದನ್ನೂ ಮುಚ್ಚಿಡದೆ ಹೇಳಿ. ‘ಗೊತ್ತಿಲ್ಲ’ ಅಂತ ಬರೆಸಿದರೂ ಪರವಾಗಿಲ್ಲ, ಸುಮ್ನೆ ಒಂದು ಊರಿನ ಹೆಸರು ಹೇಳಬೇಡಿ. ನಾವು ಅದನ್ನೇ ನಂಬಿ ಹೋಲಿಸಿಬಿಡುತ್ತೇವೆ.